ಬ್ಯಾಕ್ ಫೀಡ್

ಮೇಡಂ, ನಿಮ್ಮ ಮಿಷನ್ನಿನ ಕೊಳವ್ಯಾಗ ಮಲಗಿಸಿ
ಕಿವಿಗೆ ಹತ್ತಿ, ತಲಿಗೆ ಪಂಜರ,
ಕೈಯಾಗ ಒಂದು ಗುಂಡಿ ಕೊಟ್ಟು
ಸಿನಿಮಾ ತೋರಿಸಿದ್ರಿ.
ನಗು ಬಂದರ ಒಂದು ಸಲ ಒತ್ತು, ಅಳು ಬಂದರ ಎರಡು ಸಲ,
ಅಲ್ಲಾಡಬ್ಯಾಡ.
ಇಪ್ಪತ್ತಾರು ವರ್ಷ ಕಂಬ ಹತ್ತಿದವಗ
ಅಲ್ಲಾಡದಂಗ ಇರೂದು ಹೇಳಿಕೊಡಬೇಕಾ?

ಆಮ್ಯಾಲ ಗಾಜಿನ ಖೋಲ್ಯಾಗ ಕರದು
ನನ್ನ ಮಿದುಳು ನನಗ ತೋರಿಸಿದ್ರಿ.
ಕೆಂಪು ಚುಕ್ಕಿ, ನೀಲಿ ಚುಕ್ಕಿ, ನಡುವ ಗೆರಿ.
ಸಿಟ್ಟಿಗೊಂದು ಮೂಲಿ, ಅಳುವಿಗೊಂದು ಮೂಲಿ
ಅಂತ ಇಲ್ಲ ಸೂಗೂರಪ್ಪ, ಅಂದ್ರಿ,
ಎಲ್ಲಾ ಮೂಲಿ ಎಲ್ಲಾದಕ್ಕೂ ಕೂಡತಾವ, ಬಿಡತಾವ,
ಸೀನು ಬದಲಾದಂಗ ಕೂಟ ಬದಲಾಗತೈತಿ.

ನನಗದು ಹೊಸದೇನಲ್ಲ.
ಮಾನ್ವಿ ಸಬ್‌ಸ್ಟೇಷನ್ನಿನಾಗ ರಾತ್ರಿ ಪಾಳಿ ಕುಂತವ ನಾನು.
ಊರು ಕಾಣತಿದ್ದಿಲ್ಲ, ಮೀಟರಿನ ಮುಳ್ಳು ಕಾಣತಿತ್ತು.
ಎಂಟಕ್ಕ ಏರಿದರ ಧಾರಾವಾಹಿ,
ಹನ್ನೊಂದಕ್ಕ ಸಣ್ಣಗ ಎದ್ದು ಬಿದ್ದರ
ಟಾಕೀಜಿನ ಇಂಟರ್ವಲ್ಲು,
ನಡುರಾತ್ರಿ ಗಕ್ಕನ ಜಿಗಿದರ ಗದ್ದಿ ಮೋಟರು.
ಯಾರು ನಗತಾರ, ಯಾರು ನೀರು ಹಾಯಸತಾರ
ಮುಳ್ಳಿಗೆ ಗೊತ್ತಿಲ್ಲ,
ಓದಾವಗ ಗೊತ್ತು.

ನೀವು ಕೇಳಿದ್ದು ಇದು:
ಹನ್ನೆರಡನೇ ನಿಮಿಷ, ಕಾಮಿಡಿ ಸೀನು,
ಫೋನು ತಲಿಕೆಳಗ ಹಿಡಕೊಂಡು
ಹಲೋ ಹಲೋ ಅಂತಾನಲ್ಲ ಆ ಡುಮ್ಮ,
ಹದಿನೆಂಟು ಮಂದಿಯಾಗ ಹದಿನೇಳು ಮಂದಿ ಒಂದು ಸಲ ಒತ್ತ್ಯಾರ.
ನೀನೊಬ್ಬನ ಎರಡು ಸಲ.
ಅದೂ ಒತ್ತೂಕಿಂತ ಆರು ಸೆಕೆಂಡು ಮೊದಲ
ಗೆರಿ ಎಲ್ಲಾ ಕಿತ್ತು ಬ್ಯಾರೆ ಕಡೆ ಕೂಡ್ಯಾವ.
ಗುಂಡಿ ತಪ್ಪಿತೇನು?

ತಪ್ಪಿಲ್ಲ ಮೇಡಂ.

ಆ ಸಿನಿಮಾ ಬಂದ ವರ್ಷ, ಎರಡನೇ ಆಟ,
ಟಾಕೀಜಿನ ಹಿಂದಿನ ಕಂಬದಾಗ ಜಂಪರ್ ಸುಟ್ಟಿತ್ತು.
ಫೋನು ಹೊಡಕೊಂತು.
"ಲೈನ್ ಕ್ಲಿಯರ್ ಏನಣ್ಣ?" ಅಂದ ಖಾಜಾಸಾಬ.
"ಕ್ಲಿಯರ್" ಅಂದೆ.
ಸ್ವಿಚ್ ತಗದಿದ್ದೆ, ಫ್ಯೂಸ್ ತಗದಿದ್ದೆ, ಬೋರ್ಡು ತೂಗಹಾಕಿದ್ದೆ,
ಪುಸ್ತಕದಾಗ ಇವತ್ತಿಗೂ ನನ್ನ ಸಹಿ ಸರಿ ಐತಿ.
ಮಂದಿ ಸೀಟಿ ಹೊಡೀತಿತ್ತಂತ,
ಟಾಕೀಜಿನವರು ಜನರೇಟರ್ ಹಾಕಿದರು.
ಚೇಂಜ್ ಓವರ್ ಸ್ವಿಚ್ ಇದ್ದಿದ್ದಿಲ್ಲ.
ಒಳಗಿನ ಕರೆಂಟು ಹೊರಗ ಹರೀತು,
ಸತ್ತ ತಂತಿ ಹಿಂದಿನಿಂದ ಜೀವ ತಗೊಂತು.
ನಮ್ಮಲ್ಲಿ ಇದಕ್ಕ ಬ್ಯಾಕ್ ಫೀಡ್ ಅಂತಾರ.
ಒಳಗ ಡುಮ್ಮ ಹಲೋ ಅಂತಿದ್ದ.
ಐದುನೂರು ಮಂದಿ ನಗೂದು
ಖಾಜಾಸಾಬಗ ಕಂಬದ ಮ್ಯಾಲ ಕೇಳಿಸಿತ್ತಂತ.
ಆಮ್ಯಾಲ ಕೇಳಿಸಲಿಲ್ಲ.

ಸತ್ತಿಲ್ಲ, ಹೆದರಬ್ಯಾಡ್ರಿ.
ಬಲಗೈ ಮೊಣಕೈ ತನಕ ಹೋತು.
ಈಗ ಅದ ಟಾಕೀಜಿನ ಎದುರಿಗೆ ಸೋಡಾ ಅಂಗಡಿ,
ಎಡಗೈಲೇ ಗೋಲಿ ಒತ್ತತಾನ.
ಟೀವಿಯಾಗ ಆ ಸೀನು ಬಂದರ
ಗಿರಾಕಿನ್ನ ಬಿಟ್ಟು ನೋಡತಾನ,
ಹೊಟ್ಟಿ ಹಿಡಕೊಂಡು, ಒಂದ ಕೈಲೆ, ನಗತಾನ.
"ಏ ಸೂಗಣ್ಣ, ಈ ಮಗ ಫೋನು ಹಿಡದದ್ದು ನೋಡೋ!"
ನಾನು ಬೀಡಿ ನೆಪ ಮಾಡಿ ಎದ್ದು ಹೋಗತೀನಿ.
ಅಂವ ನಗೂದು ನನ್ನ ಸಲುವಾಗೋ
ಖರೇನ ನಗು ಬರತೈತೋ,
ಇಪ್ಪತ್ತು ವರ್ಷ ಆತು, ಕೇಳಿಲ್ಲ.

ನೀವು ನನ್ನ ಹಾಳಿ ತಗದು ಬ್ಯಾರೆ ಇಟ್ಟಿರಿ.
ಲೆಕ್ಕಕ್ಕ ಹೊಂದೂದಿಲ್ಲ ಅಂದ್ರಿ.
ಇಡ್ರಿ.
ಆದರ ನಿಮ್ಮ ಚಿತ್ರದಾಗ
ಗೆರಿ ಎಲ್ಲಿಂದೆಲ್ಲಿಗೆ ಅಂತ ಐತಿ,
ಕರೆಂಟು ಯಾವ ತುದಿಯಿಂದ ಬಂತು ಅಂತ ಇಲ್ಲ.
ಅದಕ್ಕ ನಾವು ತಂತಿ ಮುಟ್ಟೂ ಮೊದಲ
ಎರಡೂ ಕಡೆ ಅರ್ಥ್ ಮಾಡತೀವಿ.
ಅವತ್ತು ನಾನು ಅಂವಗ ನೆನಪು ಮಾಡಲಿಲ್ಲ.
ಪುಸ್ತಕದಾಗ ಅದಕ್ಕ ಕಾಲಂ ಇಲ್ಲ.

ಬರೂ ಐತವಾರ ಖಾಜಾಸಾಬನ್ನ ಕರಕೊಂಡು ಬರತೀನಿ.
ಅವನ್ನೂ ಮಲಗಿಸ್ರಿ, ಅದ ಸೀನು ತೋರಿಸ್ರಿ.
ಗುಂಡಿ ಮಾತ್ರ
ಎಡಗೈಗೆ ಕೊಡ್ರಿ.